ಉತ್ತಮಪುರುಷನ ಕಾಲಯಾನ: ‘ಸಿಂಗ್ಯುಲಾರಿಟಿ’ ಎಂಬ ವೀಡಿಯೋ ಆಟದ ಗುಣದೋಷ ವಿಚಾರ

ವಿಮರ್ಶೆಗೆ ವಿಷಯವಾಗತಕ್ಕದ್ದು ಯಾವುದು, ಆಗಬಾರದ್ದು ಯಾವುದು ಎಂಬ ಪ್ರಶ್ನೆಯನ್ನು ನಮ್ಮ ಶಿಕ್ಷಕ ಬಂಧುಗಳು ಆಗಾಗ ಎತ್ತುವುದುಂಟು. ಕಾವ್ಯ, ನಾಟಕ, ಕಾದಂಬರಿಗಳ ಅರ್ಹತೆಯನ್ನು ಯಾರೂ ಶಂಕಿಸುವುದಿಲ್ಲ. ಚಲನಚಿತ್ರವೂ ಬಹಳ ಕಾಲ ಹೊಸಲಿನಾಚೆ ನಿಂತಿದ್ದು ಕೊನೆಗೆ ಒಳಗೆ ಬಂದಿತು. ಆದರೆ ಹುಡುಗರು ಕಂಪ್ಯೂಟರಿನ ಮುಂದೆ ಕುಳಿತು ಬಂದೂಕು ಹಾರಿಸುವ ಆಟವೂ ಒಂದು ಕೃತಿಯೇ? ಅದಕ್ಕೊಂದು ವಸ್ತು, ಒಂದು ಬಂಧ, ಒಂದು ಧ್ವನಿ ಎಂಬುದುಂಟೇ? ಉಂಟೆಂದು ನಾವು ಎಣಿಸಿರಲಿಲ್ಲ. ಇಂಥ ಆಟಗಳ ಸುದ್ದಿ ಬಂದಾಗಲೆಲ್ಲ ‘ಹುಡುಗರ ಕಣ್ಣು ಕೆಡಿಸುವ ಸಾಮಗ್ರಿ’ ಎಂದು ಹೇಳಿ ಮುಗಿಸಿಬಿಡುವುದು ನಮ್ಮ ವಾಡಿಕೆಯಾಗಿತ್ತು. ನೋಡದೆ ಹೇಳಿದ ಮಾತಿಗೆ ವಿಮರ್ಶೆಯೆಂಬ ಹೆಸರು ಸಲ್ಲದು. ಆದ್ದರಿಂದ ಈಗ ನೋಡಿ ಹೇಳುತ್ತಿದ್ದೇವೆ.

ಈ ಲೇಖನಕ್ಕೆ ನಿಮಿತ್ತವಾದದ್ದು ಕೂಕಲ್ತೊರೈಯಲ್ಲಿ ಕಳೆದ ಎರಡು ಸಂಜೆಗಳು. ನೀಲಗಿರಿ ಜಿಲ್ಲೆಯ ಈ ಬಡಗರ ಹಟ್ಟಿಯಲ್ಲಿ ಪರಿಚಿತರೊಬ್ಬರ ಮನೆಗೆ ಹೋಗಿದ್ದಾಗ ಮಂಜು ಕವಿದು, ಎದುರಿನ ಕ್ಯಾರೆಟ್ ಪಾತಿಗಳೂ ಕಾಣದಂತಾಗಿ, ಹೊರಗೆ ಹೊರಡುವ ಮಾತೇ ಇಲ್ಲವಾಯಿತು. ಕೊಯಮತ್ತೂರಿನಲ್ಲಿ ಓದುತ್ತಿರುವ ಆ ಮನೆಯ ಹುಡುಗ ರಜೆಗೆ ಬಂದಿದ್ದನು. ಅವನು ಆಡುತ್ತಿದ್ದ ಆಟವನ್ನು ನಾವು ಮೊದಲು ಬೇಸರ ಕಳೆಯಲೆಂದು ನೋಡಿದೆವು. ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡೆವು. ತೆರೆಯ ಮೇಲಿನ ಮಾತು ಇಂಗ್ಲಿಷ್. ಕಥೆ ನಡೆಯುವುದು ರಷ್ಯದ ಒಂದು ದ್ವೀಪದಲ್ಲಿ. ಹುಡುಗ ನಮಗೆ ಬಿಡಿಸಿ ಹೇಳುತ್ತಿದ್ದುದು ಬಡಗ ನುಡಿಯಲ್ಲಿ. ಅವನು ಶಾಲೆಯಲ್ಲಿ ಕಲಿತದ್ದು ತಮಿಳು. ನಾವು ಟಿಪ್ಪಣಿ ಬರೆದುಕೊಂಡದ್ದು ಕನ್ನಡದಲ್ಲಿ. ಗಡಿನಾಡಿನವರಿಗೆ ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ.

ಮೊದಲು ಒಂದು ವ್ಯಾಕರಣದ ಮಾತು. ಈ ಜಾತಿಯ ಆಟಗಳಲ್ಲಿ ಆಡುವವನ ಕಣ್ಣೇ ನಾಯಕನ ಕಣ್ಣು. ತೆರೆಯ ಮೇಲೆ ನಾಯಕನ ಮುಖ ಕಾಣುವುದಿಲ್ಲ. ಕೆಳಭಾಗದಲ್ಲಿ ಎರಡು ಕೈ, ಒಂದು ಬಂದೂಕು, ಇಷ್ಟೇ ಕಾಣುತ್ತದೆ. ಇಂಗ್ಲಿಷಿನವರು ಇದನ್ನು ಪ್ರಥಮ ಪುರುಷ ದೃಷ್ಟಿಯೆನ್ನುತ್ತಾರೆ. ನಮ್ಮ ವ್ಯಾಕರಣದಲ್ಲಿ ಪ್ರಥಮ ಪುರುಷವೆಂದರೆ ‘ಅವನು’. ‘ನಾನು’ ಎಂಬುದಕ್ಕೆ ನಮ್ಮಲ್ಲಿರುವ ಹೆಸರು ಉತ್ತಮ ಪುರುಷ. ಈ ಪದವನ್ನು ತರಗತಿಯಲ್ಲಿ ಬೋಧಿಸಿದವರಿಗೆಲ್ಲ ಗೊತ್ತಿದೆ: ಉತ್ತಮ ಪುರುಷನೆಂದರೆ ಒಳ್ಳೆಯ ಮನುಷ್ಯನೋ ಎಂದು ವರ್ಷಕ್ಕೊಬ್ಬ ಹುಡುಗನಾದರೂ ಕೇಳುತ್ತಾನೆ, ನಾವು ನಕ್ಕು ಮುಂದೆ ಹೋಗುತ್ತೇವೆ. ಆದರೆ ಬಂದೂಕಿನಾಟದಲ್ಲಿ ಆ ಪ್ರಶ್ನೆ ನಗೆಯದಾಗಿ ಉಳಿಯುವುದಿಲ್ಲ. ಅಲ್ಲಿ ‘ನಾನು’ ಎಂಬವನು ಉತ್ತಮನೆಂಬುದನ್ನು ಮೊದಲೇ ಒಪ್ಪಿಕೊಂಡು ಕೈಗೆ ಬಂದೂಕು ಕೊಡಲಾಗುತ್ತದೆ. ಎದುರಿಗೆ ಬಂದವನನ್ನು ಕೊಲ್ಲುವುದಕ್ಕೆ ಬೇರೆ ಕಾರಣ ಬೇಕಾಗುವುದಿಲ್ಲ. ಅಮೆರಿಕದ ಇಡ್ ಸಾಫ್ಟ್‌ವೇರ್ ಸಂಸ್ಥೆಯು ೧೯೯೨ರಲ್ಲಿ ‘ವುಲ್ಫೆನ್‌ಸ್ಟೈನ್ ೩ಡಿ’ಯನ್ನೂ ೧೯೯೩ರಲ್ಲಿ ‘ಡೂಮ್’ ಎಂಬುದನ್ನೂ ಹೊರತಂದು ಈ ಪ್ರಕಾರವನ್ನು ರೂಢಿಗೆ ತಂದಿತು. ಅಂದಿನಿಂದ ಬಂದ ನೂರಾರು ಆಟಗಳಲ್ಲಿ ಬಹುಪಾಲು ಈ ಒಪ್ಪಂದವನ್ನು ಪ್ರಶ್ನಿಸಿಯೇ ಇಲ್ಲ. ನಾವು ನೋಡಿದ ‘ಸಿಂಗ್ಯುಲಾರಿಟಿ’ ಪ್ರಶ್ನಿಸುತ್ತದೆ. ಪೂರ್ತಿಯಾಗಿ ಪ್ರಶ್ನಿಸುವ ಧೈರ್ಯ ಅದಕ್ಕೆ ಸಾಲದು. ಆದರೂ ಪ್ರಶ್ನಿಸಿತೆಂಬುದೇ ಅದನ್ನು ವಿಮರ್ಶೆಗೆ ಯೋಗ್ಯವಾಗಿಸಿದೆ.

ಇನ್ನು ಕಾಲಯಾನ. ಎಚ್. ಜಿ. ವೆಲ್ಸ್‌ನ ‘ಟೈಮ್ ಮೆಷೀನ್’ ೧೮೯೫ರಲ್ಲಿ ಬಂದಿತು. ಬಂದೂಕಿಗೂ ಕಾಲಯಾನಕ್ಕೂ ಗಂಟುಹಾಕಿದ ಪ್ರಸಿದ್ಧ ಕಥೆಯೆಂದರೆ ರೇ ಬ್ರಾಡ್‌ಬರಿಯು ೧೯೫೨ರಲ್ಲಿ ಬರೆದ ‘ಎ ಸೌಂಡ್ ಆಫ್ ಥಂಡರ್’. ಅದರಲ್ಲಿ ಹಣ ಕೊಟ್ಟು ಪ್ರಾಚೀನ ಕಾಲಕ್ಕೆ ಬೇಟೆಗೆ ಹೋದವನು ದಾರಿ ತಪ್ಪಿ ಒಂದು ಚಿಟ್ಟೆಯನ್ನು ತುಳಿಯುತ್ತಾನೆ. ಮರಳಿ ಬಂದಾಗ ಅವನ ದೇಶವೇ ಬೇರೆಯಾಗಿರುತ್ತದೆ. ನಮ್ಮ ಪುರಾಣದಲ್ಲಿ ಇದಕ್ಕೆ ಹತ್ತಿರದ್ದು ಕಕುದ್ಮಿಯ ಕಥೆ. ಮಗಳು ರೇವತಿಗೆ ವರನನ್ನು ಕೇಳಲು ಬ್ರಹ್ಮನ ಬಳಿಗೆ ಹೋದ ಆ ರಾಜನು ಅಲ್ಲಿ ಸಂಗೀತ ಮುಗಿಯುವವರೆಗೆ ಕಾದು ನಿಂತುದಷ್ಟೆ. ಭೂಮಿಯಲ್ಲಿ ಯುಗಗಳೇ ಕಳೆದುಹೋಗಿದ್ದವು. ಗಮನಿಸಬೇಕು: ಅವನು ಮುಂದಕ್ಕೆ ಹೋದನು. ಹಿಂದಕ್ಕೆ ಹೋಗಿ ಆದದ್ದನ್ನು ಆಗದಂತೆ ಮಾಡುವ ಆಸೆ ನಮ್ಮ ಹಳೆಯ ಕಥೆಗಳಲ್ಲಿ ಅಪರೂಪ. ನಮ್ಮ ಭಾಷೆಯ ಸ್ವಭಾವವೂ ಈ ವಿಷಯದಲ್ಲಿ ವಿಚಿತ್ರವಾಗಿದೆ. ‘ಮುಂದೆ’ ಎಂದರೆ ಬರುವ ಕಾಲ. ‘ಮುಂಚೆ’, ‘ಮುನ್ನ’ ಎಂದರೆ ಕಳೆದ ಕಾಲ. ತಮಿಳಿನಲ್ಲಿಯೂ ‘ಮುನ್ನಾಳ್’ ಎಂಬುದು ಹಿಂದಿನ ದಿನಗಳಿಗೇ ಸಲ್ಲುತ್ತದೆ. ಒಂದೇ ‘ಮುನ್’ ಎರಡು ಕಡೆಗೂ ಮುಖ ಮಾಡಿ ನಿಂತಿದೆ. ಇದನ್ನು ಭಾಷಾಶಾಸ್ತ್ರಜ್ಞರಿಗೆ ಬಿಟ್ಟು ಪ್ರಕೃತಕ್ಕೆ ಬರೋಣ.

‘ಸಿಂಗ್ಯುಲಾರಿಟಿ’ಯನ್ನು ರಚಿಸಿದವರು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರೇವನ್ ಸಾಫ್ಟ್‌ವೇರ್ ಎಂಬ ಸಂಸ್ಥೆಯವರು, ಪ್ರಕಟಿಸಿದವರು ಆಕ್ಟಿವಿಷನ್, ಬಂದದ್ದು ೨೦೧೦ರ ಜೂನ್ ತಿಂಗಳಲ್ಲಿ. ಕಥೆ ಹೀಗಿದೆ. ಕಟೋರ್ಗಾ-೧೨ ಎಂಬ ಪಾಳುಬಿದ್ದ ದ್ವೀಪದಿಂದ ಹೊಮ್ಮಿದ ಶಕ್ತಿಯ ಅಲೆಯಿಂದ ಅಮೆರಿಕದ ಗೂಢಚಾರ ಉಪಗ್ರಹವೊಂದು ಕೆಡುತ್ತದೆ. ಕಾರಣವನ್ನು ತಿಳಿಯಲು ಹೋದ ಸೈನಿಕರ ಹೆಲಿಕಾಪ್ಟರ್ ಬೀಳುತ್ತದೆ. ಅವರಲ್ಲೊಬ್ಬನಾದ ರೆಂಕೋ, ಎಂದರೆ ಆಡುವವನು, ತನಗೆ ಅರಿವಿಲ್ಲದೆಯೇ ೧೯೫೫ಕ್ಕೆ ಎಸೆಯಲ್ಪಡುತ್ತಾನೆ. ಅಲ್ಲಿ ಕಟ್ಟಡ ಉರಿಯುತ್ತಿದೆ. ಒಬ್ಬ ಮನುಷ್ಯ ಬೀಳುವುದರಲ್ಲಿದ್ದಾನೆ. ರೆಂಕೋ ಅವನ ಕೈಹಿಡಿದು ಎಳೆದು ಬದುಕಿಸುತ್ತಾನೆ. ೨೦೧೦ಕ್ಕೆ ಮರಳಿದಾಗ ದ್ವೀಪದಲ್ಲಿ ಸ್ಟಾಲಿನ್ನನ ವಿಗ್ರಹವಿದ್ದ ಜಾಗದಲ್ಲಿ ಬೇರೊಬ್ಬನ ವಿಗ್ರಹ ನಿಂತಿದೆ. ಆ ರಾತ್ರಿ ಸಾಯಬೇಕಾಗಿದ್ದ ದೆಮಿಚೆವ್ ಬದುಕಿ, ದ್ವೀಪದಲ್ಲಿ ದೊರೆಯುವ ಇ-೯೯ ಎಂಬ ಧಾತುವಿನ ಬಲದಿಂದ ಲೋಕವನ್ನೇ ಗೆದ್ದಿದ್ದಾನೆ. ಇದನ್ನು ಸರಿಪಡಿಸುವುದಕ್ಕಾಗಿ ರೆಂಕೋ, ಬರಿಸೊವ್ ಎಂಬ ವಿಜ್ಞಾನಿಯ ನೆರವಿನಿಂದ, ಎರಡು ಕಾಲಗಳ ನಡುವೆ ಓಡಾಡುತ್ತಾನೆ. ಅವನ ಎಡಗೈಗೆ ಒಂದು ಕಾಲಯಂತ್ರ ದೊರೆಯುತ್ತದೆ. ಅದನ್ನು ಯಾವ ವಸ್ತುವಿಗೆ ಹಿಡಿದರೆ ಆ ವಸ್ತು ಹಳತಾಗುತ್ತದೆ ಅಥವಾ ಹೊಸತಾಗುತ್ತದೆ.

ಈ ಎಡಗೈಯೇ ಆಟದ ಪ್ರಾಣ. ಬಲಗೈಯ ಬಂದೂಕನ್ನು ನಾವು ಬೇರೆ ಎಷ್ಟೋ ಆಟಗಳಲ್ಲಿ ಕಾಣಬಹುದು. ಕುಸಿದುಹೋದ ಮೆಟ್ಟಿಲಿಗೆ ಯಂತ್ರವನ್ನು ಹಿಡಿದರೆ ಹಲಗೆಗಳು ಒಂದೊಂದಾಗಿ ಎದ್ದು ತಮ್ಮ ತಮ್ಮ ಜಾಗಕ್ಕೆ ಹೋಗಿ ಕೂಡುತ್ತವೆ. ಬೀಗದ ಪೆಟ್ಟಿಗೆಯನ್ನು ಮುಪ್ಪಾಗಿಸಿದರೆ ತುಕ್ಕು ಹಿಡಿದು ಬಾಯಿ ಬಿಡುತ್ತದೆ. ಗೋಡೆಯ ಮೇಲೆ ಅಳಿಸಿಹೋದ ಸೀಮೆಸುಣ್ಣದ ಬರಹ ಮತ್ತೆ ಮೂಡುತ್ತದೆ. ಅಲ್ಲಿ ಹಿಂದೆ ಬದುಕಿದ್ದವರ ಸಂಕಟವೂ ಎಚ್ಚರಿಕೆಯೂ ಆ ಬರಹಗಳಲ್ಲಿದೆ. ಹುಡುಗನು ಅಂಥದೊಂದು ಬರಹವನ್ನು ಓದಲೆಂದು ಬೆನ್ನಟ್ಟಿ ಬರುತ್ತಿದ್ದ ಶತ್ರುವನ್ನು ಮರೆತು ನಿಂತು ಪೆಟ್ಟು ತಿಂದನು. ಆಟಗಾರನನ್ನು ಓದುಗನನ್ನಾಗಿ ಮಾಡಿದ ಆ ಕ್ಷಣದಲ್ಲಿ ನಮ್ಮ ಪೂರ್ವಗ್ರಹ ಅರ್ಧ ಕರಗಿತೆಂದು ಒಪ್ಪಿಕೊಳ್ಳುತ್ತೇವೆ.

ಕನ್ನಡದ ಓದುಗರಿಗೆ ಇಲ್ಲಿ ಶಿವರಾಮ ಕಾರಂತರ ‘ಮೂಕಜ್ಜಿಯ ಕನಸುಗಳು’ ನೆನಪಾಗದೆ ಇರದು. ೧೯೬೮ರ ಆ ಕಾದಂಬರಿಯ ಅಜ್ಜಿ ಹಳೆಯ ವಸ್ತುವೊಂದನ್ನು ಕೈಯಲ್ಲಿ ಹಿಡಿದಾಗ ಅದನ್ನು ಬಳಸಿದವರ ಬಾಳು ಅವಳಿಗೆ ಕಾಣುತ್ತದೆ. ಮೊಮ್ಮಗ ಸುಬ್ರಾಯ ತಂದುಕೊಡುವುದು ಎಲುಬಿನ ಚೂರೋ ಮತ್ತಾವುದೋ ತುಣುಕು. ಅವಳು ಅದರೊಳಗಿನ ಕಾಲವನ್ನು ಬಿಡಿಸುತ್ತಾಳೆ. ಹಾಗೆ ನೋಡಿದರೆ ಕನ್ನಡದಲ್ಲಿ ಕಾಲಯಂತ್ರವೆಂಬುದು ಒಂದು ಮುದುಕಿಯ ಅಂಗೈ. ಎರಡಕ್ಕೂ ಇರುವ ಅಂತರ ಮುಖ್ಯವಾದದ್ದು. ಮೂಕಜ್ಜಿ ಕಾಣುತ್ತಾಳೆ, ತಿದ್ದುವುದಿಲ್ಲ. ಕಂಡದ್ದರಿಂದ ಬದಲಾಗುವವರು ಕೇಳುವವರೇ ಹೊರತು ಸತ್ತವರಲ್ಲ. ರೆಂಕೋನ ಕೈಯಾದರೋ ಕಂಡೊಡನೆ ತಿದ್ದಬಯಸುತ್ತದೆ. ‘ಸಿಂಗ್ಯುಲಾರಿಟಿ’ ಶ್ರೇಷ್ಠವಾಗಿರುವುದು ಅದು ಮೂಕಜ್ಜಿಯ ಕಡೆಗೆ ವಾಲಿದಾಗಲೆಲ್ಲ. ಸಾಧಾರಣವಾಗುವುದು ಬಂದೂಕಿನ ಕಡೆಗೆ ವಾಲಿದಾಗ.

ಈ ಶ್ರೇಷ್ಠತೆಗೆ ನಿದರ್ಶನವಾಗಿ ‘ಪರ್ಲ್’ ಎಂಬ ಹಡಗಿನ ಪ್ರಸಂಗವನ್ನು ಹೇಳಬೇಕು. ಕಡಲ ತಳದಲ್ಲಿ ಮುಳುಗಿ ಕೊಳೆತ ಹಡಗೊಂದರಲ್ಲಿ ಬೇಕಾದ ಬಾಂಬು ಇದೆ. ಯಂತ್ರದ ಬಲದಿಂದ ಆ ಹಡಗನ್ನೇ ಮೇಲೆತ್ತಿ ಹೊಸದಾಗಿಸಬೇಕು. ನೀರನ್ನು ಸೀಳಿಕೊಂಡು ಆ ಬೃಹತ್ಕಾಯ ಏಳುವ ದೃಶ್ಯ ಭವ್ಯವಾಗಿದೆ. ಆದರೆ ಭವ್ಯತೆಗಿಂತ ಹೆಚ್ಚಿನದು ಮುಂದೆ ಬರುತ್ತದೆ. ಹೊಸತಾದ ಹಡಗು ಹೊಸತಾಗಿಯೇ ಉಳಿಯುವುದಿಲ್ಲ. ನಾಯಕ ಒಳಗೆ ಹೋದಂತೆ ಬಣ್ಣ ಸಿಪ್ಪೆಯೇಳುತ್ತದೆ, ಕಬ್ಬಿಣ ಕೆಂಪಾಗುತ್ತದೆ, ಗೋಡೆ ಬಿರಿದು ನೀರು ನುಗ್ಗುತ್ತದೆ. ಐವತ್ತೈದು ವರ್ಷಗಳ ಕೊಳೆಯುವಿಕೆ ಕೆಲವೇ ನಿಮಿಷಗಳಲ್ಲಿ ತನ್ನ ಬಾಕಿಯನ್ನು ವಸೂಲು ಮಾಡಿಕೊಳ್ಳುತ್ತದೆ. ಕಾಲದಿಂದ ಕಡ ತರಬಹುದು, ಕಸಿದುಕೊಳ್ಳಲಾಗದು ಎಂಬ ಭಾವವನ್ನು ಇಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಓಡುವ ಕಾಲುಗಳೇ ಅದನ್ನು ಅರಿಯುತ್ತವೆ. ಧ್ವನಿಯೆಂದು ಆಲಂಕಾರಿಕರು ಹೇಳಿದ್ದಕ್ಕೆ ಇದಕ್ಕಿಂತ ದೂರದ ಉದಾಹರಣೆಗಳನ್ನು ನಾವೇ ಪಾಠದಲ್ಲಿ ಕೊಟ್ಟಿದ್ದೇವೆ.

ಇಷ್ಟು ಹೊಗಳಿದ ಮೇಲೆ ದೋಷಗಳಿಗೆ ಬರಬೇಕು. ಅವು ಅನೇಕ, ಎಲ್ಲವೂ ಒಂದೇ ತೂಕದವಲ್ಲ.

ಕೌಶಲದ ದೋಷ ಮೊದಲನೆಯದು. ಯಂತ್ರ ಎಲ್ಲ ವಸ್ತುಗಳ ಮೇಲೂ ಕೆಲಸ ಮಾಡುವುದಿಲ್ಲ. ರಚಕರು ಗುರುತು ಹಾಕಿಟ್ಟ ವಸ್ತುಗಳ ಮೇಲೆ ಮಾತ್ರ ಮಾಡುತ್ತದೆ. ಈ ಮೆಟ್ಟಿಲು ಏಳುತ್ತದೆ, ಪಕ್ಕದ ಬಾಗಿಲು ಅಲುಗುವುದಿಲ್ಲ. ಮೊದಲ ಗಂಟೆಯಲ್ಲಿ ಬೆರಗಾಗಿದ್ದುದು ಮೂರನೆಯ ಗಂಟೆಯ ಹೊತ್ತಿಗೆ ಬೀಗಕ್ಕೆ ಬೀಗದ ಕೈ ಹಾಕಿದಷ್ಟೇ ಸಪ್ಪೆಯಾಗುತ್ತದೆ. ಒಂದು ಪೆಟ್ಟಿಗೆ ನಜ್ಜುಗುಜ್ಜಾಗಿ ಬಿದ್ದಿರುತ್ತದೆ. ಬಾಗಿಲ ಸಂದಿಯಲ್ಲಿ ತೂರಿಸಿ ಹೊಸದಾಗಿಸಿದರೆ ಬಾಗಿಲು ಎತ್ತಿ ನಿಲ್ಲುತ್ತದೆ. ಸೊಗಸಾದ ಉಪಾಯ. ಅದನ್ನೇ ನಾಲ್ಕು ಕಡೆ ಮಾಡಿಸಿದರೆ ಸೊಗಸು ಎಲ್ಲಿಂದ ಬರಬೇಕು? ಮೇಲಾಗಿ, ಬಂದೂಕುಗಳೇ ಬಲವಾಗಿರುವುದರಿಂದ ಯಂತ್ರವನ್ನು ಮರೆತೂ ಬಹುದೂರ ಆಡಬಹುದು. ಆಟಗಾರನೇ ಗುಂಡಿನ ದಾರಿಯನ್ನು ತಿರುಗಿಸಿ ಗುರಿಗೆ ಒಯ್ಯಬಹುದಾದ ಕೋವಿಯೊಂದಿದೆ. ಹುಡುಗನಿಗೆ ಅದರ ಮೇಲೆ ಬಹಳ ಪ್ರೀತಿ. ಹಿಂದಿನ ಆಟಗಳ ಋಣವೂ ಎದ್ದು ಕಾಣುತ್ತದೆ. ವಸ್ತುಗಳನ್ನು ಗಾಳಿಯಲ್ಲಿ ಹಿಡಿದು ಎಸೆಯುವುದು ೨೦೦೪ರ ‘ಹಾಫ್-ಲೈಫ್ ೨’ರಿಂದ ಬಂದದ್ದು; ಪಾಳುನಗರಿ, ಧ್ವನಿಮುದ್ರಿಕೆಗಳಲ್ಲಿ ಉಳಿದ ಸತ್ತವರ ಮಾತು, ಶಕ್ತಿಯನ್ನು ಹೆಚ್ಚಿಸುವ ಯಂತ್ರಗಳು ೨೦೦೭ರ ‘ಬಯೋಶಾಕ್’ ಆಟದಿಂದ. ಸಾಲ ತಂದದ್ದು ತಪ್ಪಲ್ಲ, ಪಂಪನೂ ವ್ಯಾಸನಿಂದ ತಂದನು. ತಂದದ್ದನ್ನು ಪಂಪನಂತೆ ತನ್ನದಾಗಿಸಿಕೊಳ್ಳಲಿಲ್ಲವೆಂಬುದೇ ಆಕ್ಷೇಪ.

ವಿಜ್ಞಾನದ ಅಧ್ಯಾಪಕರು ಕೇಳುವ ಮುಂಚೆಯೇ ಇನ್ನೊಂದು ಮಾತು. ೯೯ನೆಯ ಧಾತು ನಿಜವಾಗಿಯೂ ಇದೆ. ಅದರ ಹೆಸರು ಐನ್‌ಸ್ಟೈನಿಯಂ. ೧೯೫೨ರ ನವೆಂಬರಿನಲ್ಲಿ ಅಮೆರಿಕದವರು ಪೆಸಿಫಿಕ್ ಸಾಗರದಲ್ಲಿ ಸಿಡಿಸಿದ ಹೈಡ್ರೋಜನ್ ಬಾಂಬಿನ ಭಗ್ನಾವಶೇಷದಲ್ಲಿ ಅದು ಪತ್ತೆಯಾಯಿತು. ಅದರ ಅತ್ಯಂತ ದೀರ್ಘಾಯುವಾದ ರೂಪದ ಅರ್ಧಾಯುಷ್ಯವೂ ಸುಮಾರು ೪೭೨ ದಿನಗಳು ಮಾತ್ರ. ಆದ್ದರಿಂದ ಗಣಿಯಲ್ಲಿ ಅದು ರಾಶಿಯಾಗಿ ದೊರೆಯುವುದು ಅಸಂಭವ. ಆಟದಲ್ಲಿ ಮಾತ್ರ ದ್ವೀಪದ ತುಂಬ ಅದರ ಗಣಿ. ಕಥೆಗೆ ಇಷ್ಟು ಸಲುಗೆ ಕೊಡಬಹುದು. ಆದರೆ ಒಂದು ವಿಪರ್ಯಾಸವನ್ನು ರಚಕರು ಕಾಣದೆ ಹೋದರು: ತನ್ನ ಆಯುಷ್ಯವನ್ನೇ ಕಾಪಾಡಿಕೊಳ್ಳಲಾರದ ಧಾತುವಿಗೆ ಅವರು ಲೋಕದ ಕಾಲವನ್ನು ಒಪ್ಪಿಸಿದ್ದಾರೆ. ಆ ಧಾತುವನ್ನು ಲೋಕಕ್ಕೆ ತಂದದ್ದು ಯಾವ ದೇಶದ ಬಾಂಬು ಎಂಬುದನ್ನೂ ಅಮೆರಿಕದ ಈ ಕಥೆ ನೆನೆಯುವುದಿಲ್ಲ. ದುಷ್ಟತನವೆಲ್ಲ ರಷ್ಯದ ಪಾಲಿಗೆ ಬರುತ್ತದೆ.

ಇವೆಲ್ಲ ಕ್ಷಮಿಸಬಹುದಾದವು. ಕ್ಷಮಿಸಲು ನಮಗೆ ಕಷ್ಟವಾದದ್ದು ಹೆಸರಿನ ವಿಷಯ. ಇ-೯೯ರ ಸೋಂಕಿನಿಂದ ವಿಕಾರಗೊಂಡು ನಾಯಕನ ಮೇಲೆ ಬೀಳುವ ಜೀವಿಗಳನ್ನು ಈ ಆಟದಲ್ಲಿ ‘ಜೆಕ್’ ಎಂದು ಕರೆಯುತ್ತಾರೆ. ರಷ್ಯನ್ ಭಾಷೆಯಲ್ಲಿ ಜೆಕ್ ಎಂದರೆ ಕೈದಿ. ಸೋವಿಯೆತ್ ದುಡಿಮೆ ಶಿಬಿರಗಳಲ್ಲಿ ನವೆದ ಲಕ್ಷಾಂತರ ಜನರಿಗೆ ಸಂದ ಹೆಸರು ಅದು. ‘ಕಟೋರ್ಗಾ’ ಎಂದರೂ ಚಕ್ರವರ್ತಿಗಳ ಕಾಲದಿಂದ ಬಂದ ಕಠಿಣ ಶಿಕ್ಷೆಯ ದುಡಿಮೆಯೆಂದೇ ಅರ್ಥ. ಗೋಡೆಯ ಬರಹಗಳಲ್ಲಿಯೂ ಧ್ವನಿಮುದ್ರಿಕೆಗಳಲ್ಲಿಯೂ ಆ ದ್ವೀಪದ ಜನರ ಗೋಳನ್ನು ಕರುಣೆಯಿಂದ ಕೇಳಿಸುವ ಕೃತಿ, ಅದೇ ಜನರು ಎದುರಿಗೆ ಬಂದೊಡನೆ ಅವರನ್ನು ಮೃಗಗಳೆಂದು ಸುಡಿಸುತ್ತದೆ. ಓದುವಾಗ ಅಯ್ಯೋ ಎಂದ ಹುಡುಗ ಮರುಕ್ಷಣದಲ್ಲಿ ಅವರ ಮೇಲೆ ಗುಂಡು ಹಾರಿಸಿ ಮುಂದೆ ನಡೆದನು. ಇವರೇ ಅವರು ಎಂದು ನಾವು ಹೇಳಿದಾಗ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸುಡದಿದ್ದರೆ ಆಟ ಮುಂದಕ್ಕೆ ಹೋಗುವುದಿಲ್ಲ ಸಾರ್’ ಎಂದನು. ಅವನ ಮಾತು ನಿಜ. ದೋಷ ಅವನದಲ್ಲ.

ನಮ್ಮ ಬೆಟ್ಟದಲ್ಲಿ ಈ ಮಾತು ಬೇರೆ ಕಡೆಗಿಂತ ಹೆಚ್ಚು ಚುಚ್ಚಬೇಕು. ೧೯ನೆಯ ಶತಮಾನದಲ್ಲಿ ನಡುವಟ್ಟಂನ ಸಿಂಕೋನಾ ತೋಟಗಳಲ್ಲಿ ಚೀನೀ ಕೈದಿಗಳನ್ನು ದುಡಿಸಲಾಯಿತು. ಗೂಡಲೂರಿನ ದಾರಿಯಲ್ಲಿ ಇಂದಿಗೂ ಆ ಸೆರೆಮನೆಯ ಗೋಡೆಗಳಿವೆ. ಜ್ವರಕ್ಕೆ ಔಷಧಿ ಕೊಟ್ಟ ತೊಗಟೆಯ ಚರಿತ್ರೆಯನ್ನು ನಾವು ಪಾಠ ಮಾಡುತ್ತೇವೆ. ಗಿಡ ನೆಟ್ಟ ಕೈಗಳ ಹೆಸರು ನಮ್ಮ ಯಾವ ಪಾಠದಲ್ಲಿಯೂ ಬರುವುದಿಲ್ಲ. ರೆಂಕೋನ ಯಂತ್ರವನ್ನು ಆ ಗೋಡೆಗೆ ಹಿಡಿದರೆ ಯಾವ ಬರಹ ಮೂಡೀತು? ಮೂಡಿದ ಬರಹವನ್ನು ಓದಿದವನು ಆ ಬರೆದವನನ್ನು ಕೊಂದು ಮುಂದೆ ನಡೆಯಬೇಕೆಂದು ಯಾರಾದರೂ ಕಥೆ ಕಟ್ಟಿದರೆ ನಾವು ಒಪ್ಪಲಾರೆವು. ಹಾಗಿರುವಾಗ ದೂರದ ದ್ವೀಪದ ಕೈದಿಗಳ ವಿಷಯದಲ್ಲಿ ಒಪ್ಪುವುದು ಹೇಗೆ? ಇನ್ನೊಂದನ್ನೂ ಹೇಳಬಹುದು. ನೀಲಗಿರಿಯಲ್ಲಿ ಬಿಳಿಯರು ಬೇಟೆಯನ್ನು ಮಿತಿಮೀರಿ ನಡೆಸಿ, ಪ್ರಾಣಿಗಳು ಕಡಮೆಯಾದುದನ್ನು ಕಂಡು, ೧೮೭೯ರಲ್ಲಿ ತಾವೇ ಒಂದು ಬೇಟೆ ಕಾಯಿದೆಯನ್ನು ತರಬೇಕಾಯಿತು. ನಿಜವಾದ ಬಂದೂಕಿಗೂ ಎಲ್ಲೋ ಒಂದು ಕಡೆ ಕಟ್ಟು ಬಿದ್ದಿತು. ಆಟದ ಬಂದೂಕಿಗೆ ಗುಂಡು ಮುಗಿಯುವುದೊಂದೇ ಕಟ್ಟು.

ಈಗ ಕಥೆಯ ತಿರುಳಿಗೆ ಬರೋಣ. ಉರಿಯುವ ಮನೆಯಿಂದ ಒಬ್ಬನನ್ನು ಬದುಕಿಸಿದ್ದು ಲೋಕದ ಹಾನಿಗೆ ಕಾರಣವಾಯಿತೆಂಬುದು ಇಲ್ಲಿನ ಬೀಜ. ಒಂದು ಚಿಕ್ಕ ಕ್ರಿಯೆಯಿಂದ ದೊಡ್ಡ ಫಲಪರಂಪರೆ ಹುಟ್ಟುವ ವಸ್ತು ನಮಗೆ ಹೊಸದಲ್ಲ. ಜನ್ನನ ‘ಯಶೋಧರ ಚರಿತೆ’ಯಲ್ಲಿ, ಎಂದರೆ ೧೨೦೯ರಷ್ಟು ಹಿಂದೆ, ಹಿಟ್ಟಿನ ಕೋಳಿಯೊಂದನ್ನು ಕಡಿದ ಪಾಪ ತಾಯಿ ಮಗ ಇಬ್ಬರನ್ನೂ ಜನ್ಮದಿಂದ ಜನ್ಮಕ್ಕೆ ಅಟ್ಟಿಕೊಂಡು ಹೋಗುತ್ತದೆ. ಕೊಂದದ್ದು ಜೀವವನ್ನಲ್ಲ, ಹಿಟ್ಟನ್ನು, ಆದರೂ ಸಂಕಲ್ಪವಿದ್ದಿತು. ಯಶೋಧರ ಮೊದಲು ಒಪ್ಪಲಿಲ್ಲ. ತಾಯಿಯ ಬಲವಂತಕ್ಕೆ ಅರೆಮನಸ್ಸಿನಿಂದ ಒಪ್ಪಿದನು. ಆ ಅರೆಮನಸ್ಸೇ ಕಾವ್ಯದ ಜೀವ. ಬೇಡವೆನ್ನಬಹುದಾಗಿತ್ತು, ಎನ್ನಲಿಲ್ಲ, ಆದ್ದರಿಂದ ಫಲ ಅವನದಾಯಿತು.

‘ಸಿಂಗ್ಯುಲಾರಿಟಿ’ಯಲ್ಲಿ ಈ ‘ಬೇಡ’ ಎನ್ನುವ ಎಡೆ ಇಲ್ಲ. ದೆಮಿಚೆವ್‌ನನ್ನು ಬದುಕಿಸದೆ ಆಟ ಮುಂದೆ ಸಾಗದು. ಹುಡುಗನು ಎರಡನೆಯ ಸಲ ಆಡುವಾಗ ಬೇಕೆಂದೇ ಅವನ ಕೈಹಿಡಿಯದೆ ನಿಂತು ನೋಡಿದನಂತೆ, ಪ್ರಯೋಜನವಾಗಲಿಲ್ಲವಂತೆ. ಬದುಕಿಸೆಂದು ಬಲವಂತ ಮಾಡಿ, ಬದುಕಿಸಿದ ಮೇಲೆ ‘ಎಲ್ಲವೂ ನಿನ್ನಿಂದಲೇ ಆಯಿತು’ ಎಂದು ದೂರುವುದು ನ್ಯಾಯವಲ್ಲ. ಕ್ರಿಯೆ ಆಟಗಾರನದೆಂದು ತೋರಿಸಿ ನಿರ್ಧಾರವನ್ನು ರಚಕರೇ ಇಟ್ಟುಕೊಂಡಿದ್ದಾರೆ. ಓದುಗನಿಗೆ ಕಾದಂಬರಿಯಲ್ಲಿಯೂ ಆಯ್ಕೆಯಿಲ್ಲವಲ್ಲ ಎಂದು ಕೇಳಬಹುದು. ಇಲ್ಲ, ಆದರೆ ಕಾದಂಬರಿ ಅವನ ಕೈಗೆ ಬಂದೂಕು ಕೊಟ್ಟು ‘ನೀನೇ ನಾಯಕ’ ಎನ್ನುವುದಿಲ್ಲ. ಉತ್ತಮ ಪುರುಷವನ್ನು ಬಳಸುವವನು ಅದರ ಹೊಣೆಯನ್ನೂ ಹೊರಬೇಕು. ಈ ರೆಂಕೋ ಆಟದುದ್ದಕ್ಕೂ ಒಂದು ಮಾತನ್ನಾಡುವುದಿಲ್ಲ. ಮೌನಿಯಾದರೆ ಆಡುವವನು ತನ್ನ ಮನಸ್ಸನ್ನು ಅಲ್ಲಿ ತುಂಬಿಕೊಳ್ಳಲಿ ಎಂಬುದು ಉದ್ದೇಶವಿರಬಹುದು. ಆದರೆ ತಾನು ಬದುಕಿಸಿದವನೇ ಲೋಕಕಂಟಕನೆಂದು ತಿಳಿದ ಗಳಿಗೆಯಲ್ಲಿಯೂ ಒಂದು ನಿಟ್ಟುಸಿರಿಲ್ಲವೆಂದರೆ ಅದು ಮೌನವೆನಿಸುವುದಿಲ್ಲ, ಬರಿದಾಗುತ್ತದೆ.

ಕೊನೆಯಲ್ಲಿ ಆಯ್ಕೆ ಬರುತ್ತದೆ, ಅದೂ ಒಂದಲ್ಲ ಮೂರು. ದೆಮಿಚೆವ್‌ನನ್ನು ಕೊಲ್ಲಬಹುದು, ಬರಿಸೊವ್‌ನನ್ನು ಕೊಲ್ಲಬಹುದು, ಇಬ್ಬರನ್ನೂ ಕೊಲ್ಲಬಹುದು. ಮೂರೂ ಆಯ್ಕೆಗಳು ಬಂದೂಕಿನ ಬಾಯಿಂದಲೇ ಹೊರಡಬೇಕು! ಬರಿಸೊವ್‌ನನ್ನು ಕೊಂದರೆ ರೆಂಕೋ ದೆಮಿಚೆವ್‌ನ ಜೊತೆ ಸೇರಿ ಲೋಕವನ್ನಾಳುತ್ತಾನೆ. ಮುಂದೆ ಅವರಿಬ್ಬರಲ್ಲಿಯೇ ಬಿರುಕು ಹುಟ್ಟುತ್ತದೆ. ಇಬ್ಬರನ್ನೂ ಕೊಂದರೆ ಅವನೊಬ್ಬನೇ ಹೊಸ ಸರ್ವಾಧಿಕಾರಿಯಾಗುತ್ತಾನೆ. ಈ ಎರಡು ಮುಕ್ತಾಯಗಳೂ ಅವಸರದವು. ಹಿಂದೆ ಅವನು ಹೇಗೆ ಆಡಿದನೆಂಬುದಕ್ಕೂ ಇವಕ್ಕೂ ಸಂಬಂಧವಿಲ್ಲ. ಮೂರನೆಯದು ಮಾತ್ರ ಬೇರೆ ದರ್ಜೆಯದು. ದೆಮಿಚೆವ್‌ನನ್ನು ಕೊಂದರೆ ಬರಿಸೊವ್‌ನ ಉಪಾಯದಂತೆ ರೆಂಕೋ ಮತ್ತೆ ೧೯೫೫ಕ್ಕೆ, ಅದೇ ಉರಿಯುವ ಕಟ್ಟಡಕ್ಕೆ ಹೋಗಬೇಕು. ಬದುಕಿಸಲು ಬರುತ್ತಿರುವ ತನ್ನನ್ನೇ ತಾನು ಕೊಲ್ಲಬೇಕು. ಬಂದೂಕಿನಾಟದ ‘ನಾನು’ ಕೊನೆಗೂ ತನ್ನೆದುರಿಗೆ ತಾನೇ ಬಂದು ನಿಲ್ಲುತ್ತಾನೆ. ಉತ್ತಮ ಪುರುಷನೆಂಬವನು ಉತ್ತಮನೇ ಎಂಬ ನಮ್ಮ ತರಗತಿಯ ಹುಡುಗನ ಪ್ರಶ್ನೆಗೆ ಈ ಪ್ರಕಾರದ ಆಟದಲ್ಲಿ ಇಷ್ಟು ನೇರವಾದ ಉತ್ತರವನ್ನು ನಾವು ನಿರೀಕ್ಷಿಸಿರಲಿಲ್ಲ. ಅದಾದ ಮೇಲೂ ಕಥೆ ಒಂದು ಹೆಜ್ಜೆ ಇಡುತ್ತದೆ. ಮೊದಲಿನ ಹೆಲಿಕಾಪ್ಟರ್ ಮತ್ತೆ ದ್ವೀಪದ ಮೇಲೆ ಹಾರುತ್ತದೆ, ಕೆಳಗೆ ವಿಗ್ರಹವಿದೆ, ಈಗ ಅದು ಬರಿಸೊವ್‌ನದು. ಒಳ್ಳೆಯವನೆಂದು ನಂಬಿದವನ ಕೈಗೆ ಯಂತ್ರ ಹೋದರೂ ವಿಗ್ರಹ ಏಳುವುದು ತಪ್ಪಲಿಲ್ಲ. ಇದೊಂದು ನೋಟಕ್ಕಾಗಿ ಎಷ್ಟೋ ಜೆಕ್‌ಗಳ ಬೇಸರವನ್ನು ತಾಳಬಹುದೆನಿಸಿತು.

ಇದೇ ವಸ್ತುವನ್ನು ಬೇರೆ ಬಗೆಯಲ್ಲಿ ನಡೆಸಿದ ಆಟಗಳೂ ಇವೆ. ಇಂಗ್ಲೆಂಡಿನ ಫ್ರೀ ರ‍್ಯಾಡಿಕಲ್ ಡಿಸೈನ್ ಸಂಸ್ಥೆಯ ‘ಟೈಮ್‌ಸ್ಪ್ಲಿಟರ್ಸ್’ ಸರಣಿ ೨೦೦೦ದಲ್ಲಿ ಆರಂಭವಾಯಿತು. ೨೦೦೨ರ ಎರಡನೆಯ ಭಾಗದಲ್ಲಿ ನಾಯಕ ೧೮೫೩ರ ಅಮೆರಿಕದ ಪಶ್ಚಿಮ ಸೀಮೆ, ೧೯೩೨ರ ಶಿಕಾಗೋ, ೨೪೦೧ರ ಆಕಾಶನಿಲ್ದಾಣ ಎಂದು ಸುತ್ತುತ್ತಾನೆ. ಅಲ್ಲಿ ಕಾಲವೆಂದರೆ ವೇಷ. ಜಾತ್ರೆಯಲ್ಲಿ ಪರದೆ ಬದಲಾಯಿಸಿ ಛಾಯಾಚಿತ್ರ ತೆಗೆಸಿಕೊಂಡಂತೆ. ೨೦೦೫ರ ಮೂರನೆಯ ಭಾಗ ಹಾಸ್ಯವನ್ನು ಬಿಡದೆಯೇ ಒಂದು ಒಳ್ಳೆಯ ಉಪಾಯ ಮಾಡಿದೆ. ನಾಯಕ ಕಾರ್ಟೆಜ್‌ಗೆ ಕಷ್ಟಕಾಲದಲ್ಲಿ ಯಾರೋ ನೆರವಾಗುತ್ತಾರೆ. ನೋಡಿದರೆ ಅದು ಮುಂದಿನ ಕಾಲದಿಂದ ಬಂದ ಅವನೇ. ಆಮೇಲೆ ಆಡುವವನು ಅದೇ ಸ್ಥಳಕ್ಕೆ ಎರಡನೆಯವನಾಗಿ ಬಂದು ಮೊದಲಿನವನಿಗೆ ಅದೇ ನೆರವನ್ನು ಕೊಡಬೇಕು. ಒಬ್ಬನು ಹಿಂದಿನ ತನ್ನನ್ನು ಕೊಲ್ಲುತ್ತಾನೆ, ಇನ್ನೊಬ್ಬನು ಹಿಂದಿನ ತನಗೆ ಕೈಕೊಡುತ್ತಾನೆ. ಗಂಭೀರವೆನಿಸಿಕೊಂಡ ಕೃತಿಗಿಂತ ತಮಾಷೆಯ ಕೃತಿ ಇಲ್ಲಿ ಹೆಚ್ಚು ಪ್ರೌಢವಾಗಿದೆಯೆಂದು ನಮ್ಮ ಅಭಿಪ್ರಾಯ. ೨೦೦೭ರ ‘ಟೈಮ್‌ಶಿಫ್ಟ್’ ಕಾಲವನ್ನು ನಿಲ್ಲಿಸುವ, ನಿಧಾನವಾಗಿಸುವ, ಹಿಂದಕ್ಕೆ ಓಡಿಸುವ ಕವಚವನ್ನು ನಾಯಕನಿಗೆ ತೊಡಿಸಿತು. ಅಲ್ಲಿ ಕಾಲವೂ ಒಂದು ಆಯುಧವಾಗಿ ನಿಂತಿತು. ಅದರ ವಿಷಯ ಇಷ್ಟು ಸಾಕು.

ಹಿಂದಿನದನ್ನು ಏನು ಮಾಡಬೇಕೆಂಬ ಪ್ರಶ್ನೆಗೆ ಬಡಗರ ಹಟ್ಟಿಗಳಲ್ಲಿ ಒಂದು ಹಳೆಯ ಉತ್ತರವಿದೆ. ಸತ್ತವರ ಕ್ರಿಯೆಯಲ್ಲಿ ಕರು ಹರಚುವ ಶಾಸ್ತ್ರವೆಂಬುದೊಂದುಂಟು. ಸತ್ತವನ ಪಾಪಗಳನ್ನೂ ಅವನ ಹಿರಿಯರ ಪಾಪಗಳನ್ನೂ ಒಂದೊಂದಾಗಿ ಹೆಸರಿಸಿ ಹೇಳುತ್ತಾರೆ. ಪಾಪ ಸಾವಿರದ ಮುನ್ನೂರಿದ್ದರೂ ಎಲ್ಲವೂ ಬಿಟ್ಟುಹೋಗಲಿ ಎಂದು ಕೂಡಿದವರೆಲ್ಲ ದನಿಗೂಡಿಸುತ್ತಾರೆ. ಅದನ್ನು ಒಂದು ಕರುವಿನ ಮೇಲೆ ಹೊರಿಸಿ ಕಳುಹಿಸುವುದು ಹಿಂದಿನ ಪದ್ಧತಿ. ಗಡಿಕಲ್ಲನ್ನು ಸರಿಸಿದಂಥ ನೆರೆಹೊರೆಯ ಪಾಪಗಳೂ ಆ ಪಟ್ಟಿಯಲ್ಲಿ ಬರುತ್ತವೆ. ಯಾರೂ ಹಿಂದಕ್ಕೆ ಹೋಗಿ ಕಲ್ಲನ್ನು ಮೊದಲಿನ ಜಾಗದಲ್ಲಿ ನೆಡುವುದಿಲ್ಲ. ಮಾಡಿದ್ದನ್ನು ಮಾಡಿದ್ದೆಂದು ಊರೆದುರಿಗೆ ಹೇಳುತ್ತಾರೆ. ಈ ಶಾಸ್ತ್ರವನ್ನು ಒಮ್ಮೆ ಕೇಳಿದವನಿಗೆ ತನ್ನನ್ನು ತಾನೇ ಸುಟ್ಟುಕೊಂಡು ಚರಿತ್ರೆಯನ್ನು ಶುದ್ಧಮಾಡುವ ರೆಂಕೋನ ಉಪಾಯ, ಎಷ್ಟೇ ಭವ್ಯವಾದರೂ, ಕೊಂಚ ಹುಡುಗುತನದ್ದೆಂದು ತೋರಿದರೆ ಆಶ್ಚರ್ಯವಿಲ್ಲ. ನಮಗಂತೂ ತೋರಿತು.

ಶಾಲೆಯ ಮಾತು ಒಂದಿಷ್ಟು. ಅಮೆರಿಕದ ಮಂಡಲಿಯವರು ಈ ಆಟವನ್ನು ೧೭ ವರ್ಷ ತುಂಬಿದವರಿಗೆ ಮಾತ್ರವೆಂದು ಗೊತ್ತುಪಡಿಸಿದ್ದಾರೆ. ರಕ್ತವನ್ನು ನೋಡಿದರೆ ಅದು ಸರಿಯೆನ್ನಬೇಕು. ಪ್ರೌಢಶಾಲೆಯ ಮಕ್ಕಳ ಕೈಗೆ ಇದನ್ನು ಕೊಡಿರೆಂದು ನಾವು ಹೇಳುವುದಿಲ್ಲ. ಆದರೆ ದೊಡ್ಡ ತರಗತಿಗಳ ಹುಡುಗರು ಇಂಥವನ್ನು ಆಡುತ್ತಲೇ ಇದ್ದಾರೆ. ನಾವು ತಿಳಿಯದವರಂತೆ ಇದ್ದೇವೆ. ಆಡಿದವನನ್ನು ಗದರಿಸುವ ಬದಲು, ಉರಿಯುವ ಮನೆಯ ಪ್ರಸಂಗವನ್ನು ಹೇಳೆಂದು ಕೇಳಿ, ಆಮೇಲೆ ಹಿಟ್ಟಿನ ಕೋಳಿಯ ಕಥೆಯನ್ನು ಹೇಳಿದರೆ ಜನ್ನನ ಪಾಠ ಎಂದಿಗಿಂತ ಬೇಗ ಹತ್ತೀತು. ಕೂಕಲ್ತೊರೈಯ ಹುಡುಗನಿಗೆ ಕನ್ನಡ ಲಿಪಿ ಬರುವುದಿಲ್ಲ. ಕಥೆಯನ್ನು ನಮ್ಮ ಕನ್ನಡದಲ್ಲಿಯೇ ಹೇಳಿದೆವು. ನಡುವೆ ಎರಡು ಮೂರು ಮಾತುಗಳನ್ನು ಮಾತ್ರ ಬಿಡಿಸಿ ಹೇಳಬೇಕಾಯಿತು. ಕೋಳಿ ಕೂಗಿತೆಂಬಲ್ಲಿ ಅವನು ಕೀಲಿಮಣೆಯಿಂದ ಕೈ ತೆಗೆದನು.

ಎರಡನೆಯ ಸಂಜೆ ಆಟ ಮುಗಿದ ಮೇಲೆ ಮಂಜು ಸ್ವಲ್ಪ ಸರಿಯಿತು. ಆ ಯಂತ್ರ ನಿಜವಾಗಿ ನಿನ್ನ ಕೈಗೆ ಬಂದರೆ ಮೊದಲು ಯಾವುದಕ್ಕೆ ಹಿಡಿಯುವೆಯೆಂದು ಕೇಳಿದೆವು. ಅವನು ಕಿಟಕಿಯಾಚೆ ಕಾಣುತ್ತಿದ್ದ ಕಪ್ಪೂರ ಮರಗಳ ಇಳಿಜಾರನ್ನು ತೋರಿಸಿದನು. ಬಯಲುಸೀಮೆಯ ಕನ್ನಡದಲ್ಲಿ ನೀಲಗಿರಿ ಮರವೆಂದೇ ಕರೆಯುವ ಆ ಮರಗಳು ಆಸ್ಟ್ರೇಲಿಯದಿಂದ ಬಂದವು. ಅವಕ್ಕೆ ಮುಂಚೆ ಅಲ್ಲಿ ಏನಿತ್ತು, ಹುಲ್ಲೋ ಸೋಲೆಯೋ ಸಾಮೆಯ ಹೊಲವೋ ಎಂದು ಕೇಳಿದ್ದಕ್ಕೆ ಅವನಿಗೆ ಉತ್ತರ ತಿಳಿದಿರಲಿಲ್ಲ. ಅಜ್ಜನನ್ನು ಕೇಳಿ ಬರುತ್ತೇನೆಂದು ಒಳಗೆ ಹೋದನು.